ಅರವತ್ತು ಸೆಂಟಿಮೀಟರ್

ಅಕ್ಕನ ಸ್ಪೈಕ್ಸ್ ಇಪ್ಪತ್ತಾರೂವರೆ ಸೆಂಟಿಮೀಟರ್ ಉದ್ದ. ಅವಳು ನನ್ನ ಒಡಹುಟ್ಟಿದವಳಲ್ಲ. ಹಲಸೂರಿನ ಮಣ್ಣಿನ ಮೈದಾನದಲ್ಲಿ ನನಗಿಂತ ಎರಡು ವರ್ಷ ದೊಡ್ಡವಳು, ನನಗಿಂತ ವೇಗವಾಗಿ ಓಡುತ್ತಿದ್ದವಳು, ಅಷ್ಟೇ. ದೊಡ್ಡವರನ್ನು ಅಕ್ಕ ಅನ್ನಬೇಕು, ಅವರ ಚೀಲ ಹೊರಬೇಕು ಎನ್ನುವುದು ಅಲ್ಲಿಯ ಪದ್ಧತಿ. ಹದಿಮೂರರಿಂದ ಹದಿನಾರು ವರ್ಷದವರೆಗೆ ನಾನು ಅವಳ ಚೀಲ ಹೊತ್ತೆ. ಒಂದು ಬೆಳಿಗ್ಗೆ ಅವಳು ನೀರು ಕುಡಿಯಲು ಹೋದಾಗ ಅದರೊಳಗಿನ ಸ್ಪೈಕ್ಸ್, ಅಂದರೆ ಓಟಕ್ಕೆಂದೇ ಇರುವ ಮೊಳೆ ಶೂ, ತೆಗೆದು ಅಳೆದೆ. ಕಾರಣವೇನೂ ಇರಲಿಲ್ಲ. ನಾನು ಎಲ್ಲವನ್ನೂ ಅಳೆಯುತ್ತೇನೆ, ಅಳೆದದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ಎಷ್ಟು ಗಂಟೆಗೆ ಎದ್ದೆ, ಎಷ್ಟು ಸುತ್ತು ಓಡಿದೆ, ಯಾವ ಕಾಲಿಗೆ ನೋವು, ಎಷ್ಟು ಇಡ್ಲಿ ತಿಂದೆ. ದಾವಣಗೆರೆ ಕಡೆಯಿಂದ ಬಂದ ನನ್ನಮ್ಮ ವಿಮಾ ಕಚೇರಿಯಲ್ಲಿ ದಿನವಿಡೀ ಕಾಗದ ನೋಡಿ ಬರುವವಳು. ಮನೆಗೆ ಬಂದರೆ ಇಲ್ಲೂ ಕಾಗದವೇ. "ಇಷ್ಟೊಂದು ಬರ್ಕಂಡು ಕುಂತ್ರೆ ಓಡದು ಯಾವಾಗೇ?" ಎಂದು ಕೇಳುತ್ತಿದ್ದಳು.

ಆ ಅಳತೆ ಮುಂದೆ ಕೆಲಸಕ್ಕೆ ಬಂತು. ಹೇಗೆಂದು ತಿಳಿಯಲು ರಿಲೇಯ ಬಗ್ಗೆ ಸ್ವಲ್ಪ ಹೇಳಬೇಕು.

ನಾಲ್ವರು ತಲಾ ನೂರು ಮೀಟರ್ ಓಡುವ ರಿಲೇಯಲ್ಲಿ, ಬ್ಯಾಟನ್ ಎನ್ನುವ ಪುಟ್ಟ ಕೋಲನ್ನು ತೆಗೆದುಕೊಳ್ಳುವವಳು ಓಟಕ್ಕೆ ಮುಂಚೆಯೇ ಬಂದು ತನ್ನ ಜಾಗ ನೋಡಿಕೊಳ್ಳುತ್ತಾಳೆ. ತಾನು ನಿಲ್ಲುವ ಕಡೆಯಿಂದ ಹಿಂದಕ್ಕೆ, ಹಿಮ್ಮಡಿಗೆ ಬೆರಳು ತಾಗಿಸಿ ತಾಗಿಸಿ ಇಷ್ಟು ಪಾದ ಎಂದು ಎಣಿಸಿ, ಅಲ್ಲಿ ಬಿಳಿ ಪಟ್ಟಿಯೊಂದನ್ನು ಅಂಟಿಸುತ್ತಾಳೆ. ಬ್ಯಾಟನ್ ತರುವವಳು ಆ ಪಟ್ಟಿ ಮುಟ್ಟಿದ ಕ್ಷಣ ಇವಳು ಮುಂದೆ ತಿರುಗಿ ಓಡಬೇಕು. ಆಮೇಲೆ ಹಿಂದೆ ನೋಡುವಂತಿಲ್ಲ, ಕೂಗು ಕೇಳಿದಾಗ ಕೈ ಚಾಚಬೇಕು. ಪಟ್ಟಿ ತೀರ ಹತ್ತಿರವಿದ್ದರೆ ಹಿಂದಿನವಳು ಬಂದು ಬೆನ್ನಿಗೆ ಡಿಕ್ಕಿ ಹೊಡೆಯುತ್ತಾಳೆ. ದೂರವಿದ್ದರೆ ಮುಂದಿನವಳು ಬೇಗ ಹೊರಟು ಕೈಗೆ ಸಿಗುವುದೇ ಇಲ್ಲ. ಬ್ಯಾಟನ್ ಕೈ ಬದಲಾಗಲು ಗೆರೆ ಎಳೆದ ಮೂವತ್ತು ಮೀಟರ್ ಜಾಗವಿರುತ್ತದೆ. ಕೈ ಬದಲಾಗದೆ ಅದನ್ನು ದಾಟಿದರೆ ಇಡೀ ತಂಡ ಔಟ್.

ನನಗೆ ಹದಿನಾರು ತುಂಬಿದ ವರ್ಷದ ರಾಜ್ಯ ಜೂನಿಯರ್ ಕೂಟದಲ್ಲಿ ಮೂರನೆಯವಳಾಗಿ ತಿರುವು ಓಡಿದವಳು ನಾನು, ಕೊನೆಯವಳು ಅಕ್ಕ. ಅಭ್ಯಾಸದಲ್ಲಿ ನಮ್ಮ ಗುರುತು ಅವಳ ಪಾದದಲ್ಲಿ ಇಪ್ಪತ್ತನಾಲ್ಕು. ಮಣ್ಣಿನ ಮೇಲೆ ಸುಣ್ಣದ ಪುಡಿಯಲ್ಲಿ ಎಳೆದ ಆ ಗೆರೆಯನ್ನು ನಾನು ಎಷ್ಟೋ ಸಲ ಅಳೆದಿದ್ದೆ. ಆರು ಮೀಟರ್ ಮೂವತ್ತಾರು ಸೆಂಟಿಮೀಟರ್.

ಆ ದಿನ ಬೆಳಗಿನಿಂದ ಹನಿ ಹಾಕುತ್ತಿತ್ತು. ನಾನು ಪಟ್ಟಿ ಮುಟ್ಟುತ್ತಿದ್ದಂತೆ ಅಕ್ಕ ಹೊರಟಳು. ಮೂರು ಹೆಜ್ಜೆ ಓಡುವಷ್ಟರಲ್ಲೇ ಅವಳು ಸಿಗುವುದಿಲ್ಲ ಎಂದು ಗೊತ್ತಾಯಿತು. ಕೂಗಿದೆ, ಅವಳು ಕೈ ಚಾಚಿದಳು. ಆ ಕೈಗೂ ನನ್ನ ಬ್ಯಾಟನ್‌ಗೂ ನಡುವೆ ಒಂದು ಗೇಣು ಗಾಳಿ. ಗೆರೆ ದಾಟಿದೆವು. ಪಕ್ಕದಲ್ಲಿದ್ದ ಅಧಿಕಾರಿ ಕೆಂಪು ಬಾವುಟ ಎತ್ತಿದರು.

ಮರುದಿನ ಹಲಸೂರಿನ ಮೈದಾನದ ಮೆಟ್ಟಿಲುಗಳ ಮೇಲೆ ಸರ್ ಎಲ್ಲರನ್ನೂ ಕೂರಿಸಿದರು. ಸರ್ ಅಂದರೆ ನಮ್ಮ ಕೋಚ್. ರಿಚರ್ಡ್ಸ್ ಟೌನಿನಿಂದ ಹಳೆಯ ಸ್ಕೂಟರಿನಲ್ಲಿ ಟೀ ಫ್ಲಾಸ್ಕ್ ಇಟ್ಟುಕೊಂಡು ಬರುವವರು, ಕನ್ನಡ ತಮಿಳು ಕಲಸಿ ಮಾತಾಡುವವರು, ಯಾರಿಗೂ ಕೈ ಎತ್ತದವರು. ಏನಾಯಿತು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು:

"ಇವ್ಳು ತಿರುವಲ್ಲೇ ಸತ್ತೋದ್ಳು ಸರ್. ನಾನ್ ಕೈ ಚಾಚ್ಕೊಂಡೇ ಓಡ್ದೆ. ಇನ್ನೇನ್ ಮಾಡ್ಲಿ?"

ಸರ್ ನನ್ನ ಕಡೆ ನೋಡಿ, ಬೈಯದೆ, ಮೆಲ್ಲಗೆ ಅಂದರು: "ಬಲ ಇಲ್ದೋರ್ನ ತಿರುವಲ್ಲಿ ಹಾಕಿದ್ದು ನನ್ ತಪ್ಪು ಮಾ."

ಬೈದಿದ್ದರೆ ಮರೆಯುತ್ತಿದ್ದೆನೋ ಏನೋ.

ನನ್ನ ಹತ್ತಿರ ಒಂದು ಸಂಖ್ಯೆ ಇತ್ತು. ಓಟದ ದಿನ ಎಲ್ಲರೂ ಟ್ರ್ಯಾಕ್ ಬಿಟ್ಟು ಹೋದ ಮೇಲೆ ಅಕ್ಕನ ಪಟ್ಟಿ ಇನ್ನೂ ಅಲ್ಲೇ ಅಂಟಿಕೊಂಡಿತ್ತು. ಅಲ್ಲಿಂದ ಅವಳು ನಿಂತಿದ್ದ ಜಾಗದವರೆಗೆ, ಚೀಲದಲ್ಲಿದ್ದ ಅಮ್ಮನ ಒಂದೂವರೆ ಮೀಟರಿನ ಹೊಲಿಗೆ ಟೇಪನ್ನು ಐದು ಸಲ ಇಟ್ಟು ಅಳೆದಿದ್ದೆ. ನಾಲ್ಕು ಸಲ ಪೂರ್ತಿ, ಐದನೆಯ ಸಲ ತೊಂಬತ್ತಾರು. ಆರು ಮೀಟರ್ ತೊಂಬತ್ತಾರು. ಇರಬೇಕಾದ್ದಕ್ಕಿಂತ ಅರವತ್ತು ಸೆಂಟಿಮೀಟರ್ ಹೆಚ್ಚು. ಮೆಟ್ಟಿಲಿನ ಸಭೆ ಮುಗಿದ ಮೇಲೆ ಪುಸ್ತಕ ತೆಗೆದುಕೊಂಡು ಸರ್ ಬಳಿ ಹೋದೆ. ಅವರು ಪುಟ ನೋಡಲಿಲ್ಲ. ಅಳತೆ ಪುಸ್ತಕ ಮನೆಯಲ್ಲಿಡು, ಕಾಲಿಗೆ ಕೆಲಸ ಕೊಡು ಎಂದು ಫ್ಲಾಸ್ಕಿನ ಮುಚ್ಚಳಕ್ಕೆ ಟೀ ಬಗ್ಗಿಸಿಕೊಂಡರು.

ಅವತ್ತು ಸಂಜೆ ಪುಸ್ತಕದ ಹಿಂಬದಿಯಿಂದ ಬೇರೆ ಲೆಕ್ಕ ಶುರು ಮಾಡಿದೆ. ನನ್ನನ್ನು ರಿಲೇಯಿಂದ ತೆಗೆದಿದ್ದರು. ಅದರ ಮೇಲೆ, ಹೊಸ ಮಕ್ಕಳು ಮೈದಾನಕ್ಕೆ ಬಂದಾಗಲೆಲ್ಲ ಸರ್ ಬ್ಯಾಟನ್ ಹಿಡಿಯುವುದನ್ನು ಕಲಿಸುತ್ತಾ ನನ್ನ ಕಡೆ ಬೆರಳು ತೋರಿಸಿ, ಆ ಅಕ್ಕನ ಥರ ಕೋಲು ಕೈಲಿಟ್ಟುಕೊಂಡು ನಿದ್ದೆ ಮಾಡಬೇಡಿ ಅನ್ನುತ್ತಿದ್ದರು. ಮಕ್ಕಳು ನಗುತ್ತಿದ್ದರು. ಹೇಳಿದಾಗಲೊಮ್ಮೆ ಒಂದು ಗೀಟು, ಪಕ್ಕದಲ್ಲಿ ದಿನಾಂಕ. ನಾಲ್ಕು ಗೀಟಾದ ಮೇಲೆ ಅಡ್ಡ ಒಂದು. ಮೂರು ವರ್ಷದಲ್ಲಿ ಮೂವತ್ತೇಳು ಗೀಟುಗಳಾದವು. ಅಕ್ಕ ಪಕ್ಕದಲ್ಲೇ ನಿಂತು ಕೇಳಿಸಿಕೊಂಡದ್ದು ಅದರಲ್ಲಿ ಹದಿನಾಲ್ಕು ಸಲ. ಅವುಗಳಿಗೆ ಕೆಂಪು ಶಾಯಿ.

ನನಗೆ ಬೇಕಿದ್ದದ್ದು ಇಷ್ಟೇ: ಅದೇ ಮೆಟ್ಟಿಲ ಮೇಲೆ, ಅದೇ ಸರ್ ಮುಂದೆ, ತಪ್ಪು ತನ್ನದು ಎಂದು ಅವಳು ಬಾಯಿಬಿಟ್ಟು ಹೇಳಬೇಕು. ಪದಕ, ಭಾರತದ ಜೆರ್ಸಿ ಎಲ್ಲ ಆಮೇಲೆ. ಜನ ನನ್ನನ್ನು ಶಿಸ್ತಿನ ಹುಡುಗಿ ಎಂದು ಹೊಗಳುತ್ತಿದ್ದರು. ಮೊದಮೊದಲು ಅಪ್ಪ ಫ್ಯಾಕ್ಟರಿಯ ಮೊದಲ ಶಿಫ್ಟಿಗೆ ಹೋಗುವ ಮುನ್ನ ಸ್ಕೂಟರಿನಲ್ಲಿ ಬಿಡುತ್ತಿದ್ದರು. ನಮ್ಮ ಮನೆಯಿರುವ ಕೆ.ಆರ್. ಪುರಕ್ಕೆ ಮೆಟ್ರೊ ಬಂದ ಮೇಲೆ ಮೊದಲ ಗಾಡಿಯಲ್ಲಿ ಒಬ್ಬಳೇ ಹೋಗುತ್ತಿದ್ದೆ. ಇಂದಿರಾನಗರ ದಾಟುವಾಗ ಕಿಟಕಿಯ ಗಾಜಿನಲ್ಲಿ ನನ್ನ ಮುಖ ನೋಡಿಕೊಂಡು ಅಕ್ಕನ ಮಾತನ್ನು ಒಂದು ಸಲ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ತಿರುವಲ್ಲೇ ಸತ್ತೋದ್ಳು. ಹಲಸೂರಿನಲ್ಲಿ ಇಳಿಯುವ ಹೊತ್ತಿಗೆ ಮೈ ಬಿಸಿಯಾಗಿರುತ್ತಿತ್ತು. ತಿರುವನ್ನು ವಾರಕ್ಕೆ ನಲವತ್ತು ಸಲ ಓಡಿದೆ. ಮೂರು ವರ್ಷದಲ್ಲಿ ನೂರು ಮೀಟರಿನ ನನ್ನ ಸಮಯ ಹನ್ನೆರಡು ಪಾಯಿಂಟ್ ಆರರಿಂದ ಹನ್ನೊಂದು ಪಾಯಿಂಟ್ ಒಂಬತ್ತಕ್ಕೆ ಇಳಿಯಿತು. ಶಿಸ್ತಿಗೂ ಇದಕ್ಕೂ ಸಂಬಂಧವಿಲ್ಲ.

ಒಂದು ವಿಷಯ ಮಾತ್ರ ಕಾಡುತ್ತಿತ್ತು. ಅವಳು ಬೇಕೆಂದೇ ಪಟ್ಟಿಯನ್ನು ದೂರ ಹಾಕಿದಳೆಂದು ನಾನು ನಂಬಿದ್ದೆ, ನನ್ನ ವೇಗ ಅವಳ ಹತ್ತಿರ ಬರುತ್ತಿತ್ತಲ್ಲ. ಹಾಗಿದ್ದರೆ ಎರಡು ಪಾದ ಹೆಚ್ಚು ಹಾಕಬೇಕಿತ್ತು, ಅಥವಾ ಮೂರು. ಎರಡಾದರೆ ಐವತ್ತಮೂರು ಸೆಂಟಿಮೀಟರ್, ಮೂರಾದರೆ ಎಪ್ಪತ್ತೊಂಬತ್ತೂವರೆ. ಅರವತ್ತು ಯಾವುದಕ್ಕೂ ಹೊಂದುತ್ತಿರಲಿಲ್ಲ. ಅಳತೆ ತಪ್ಪಿದೆಯೇನೋ ಎಂದುಕೊಂಡರೆ, ನಾನು ತಪ್ಪು ಅಳೆಯುವವಳಲ್ಲ.

ಹತ್ತೊಂಬತ್ತನೆಯ ವರ್ಷದಲ್ಲಿ ಮಹದೇವಪುರದ ಆಚೆಗಿನ ಒಂದು ಕ್ರೀಡಾ ಕೇಂದ್ರದಲ್ಲಿ ನಡೆದ ಶಿಬಿರಕ್ಕೆ ನನ್ನನ್ನು ಕರೆದರು. ಅಕ್ಕನನ್ನೂ ಕರೆದರು. ಹೊರದೇಶದ ಕೂಟವೊಂದಕ್ಕೆ ರಿಲೇ ತಂಡ ಆರಿಸಬೇಕಿತ್ತು. ನಾವು ಆರು ಹುಡುಗಿಯರು, ಐದು ಟಿಕೆಟ್. ನಾಲ್ವರು ಓಡುವವರು, ಒಬ್ಬಳು ಹೆಚ್ಚುವರಿ. ಶಿಬಿರದ ಕೋಚ್ ಬೇರೆ ರಾಜ್ಯದ ಮೇಡಂ. ಅವರು ನನ್ನನ್ನು ಮತ್ತೆ ಮೂರನೆಯವಳನ್ನಾಗಿ ತಿರುವಿಗೆ ಹಾಕಿ, ಅಕ್ಕನನ್ನು ಕೊನೆಗೆ ಇಟ್ಟರು. ಒಂದೇ ಮೈದಾನದವರು, ಹೊಂದಾಣಿಕೆ ಇರುತ್ತದೆ ಎಂದು ಹಿಂದಿಯಲ್ಲಿ ಹೇಳಿದರು. ಅಭ್ಯಾಸದಲ್ಲಿ ನಮ್ಮ ಗುರುತು ಇಲ್ಲೂ ಅವಳ ಇಪ್ಪತ್ತನಾಲ್ಕು ಪಾದವೇ ಆಯಿತು. ಅಕ್ಕ ನನ್ನ ಬೆನ್ನು ತಟ್ಟಿದಳು. "ಏನ್ ಮಗಾ, ಇನ್ನೂ ಬರೀತಾ ಇದ್ಯಾ ಬುಕ್ಕಲ್ಲಿ?" ಎಂದು ನಕ್ಕಳು.

ಎರಡನೆಯ ವಾರ ಒಂದು ಮಧ್ಯಾಹ್ನ, ಊಟವಾಗಿ ಎಲ್ಲರೂ ಮಲಗಿದ್ದಾಗ, ಹಾಸ್ಟೆಲಿನ ಕೋಣೆಗಳ ಹೊರಗೆ ಬಿಟ್ಟಿದ್ದ ಶೂಗಳ ಸಾಲು ದಾಟುತ್ತಿದ್ದೆ. ಅಕ್ಕನ ನೇರಳೆ ಬಣ್ಣದ ಶೂ ಕಂಡಿತು. ಮೈ ಬಿಸಿ ಮಾಡುವಾಗ, ಓಡಾಡುವಾಗ ಹಾಕುವ, ದಪ್ಪ ಅಡಿಯ ಮಾಮೂಲಿ ಶೂ. ಶಿವಾಜಿನಗರದ ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಂಡ ಹತ್ತು ಮೀಟರಿನ ಟೇಪ್ ಆಗ ನನ್ನ ಜೇಬಿನಲ್ಲೇ ಇರುತ್ತಿತ್ತು. ಅಳೆದೆ. ಇಪ್ಪತ್ತೊಂಬತ್ತು. ಕಂಪನಿ ಬದಲಾಗಿರಲಿಲ್ಲ, ಮೂರು ವರ್ಷದ ಹಿಂದೆಯೂ ಇದೇ ಮಾದರಿ ಹಾಕುತ್ತಿದ್ದಳು.

ಇಪ್ಪತ್ತೊಂಬತ್ತನ್ನು ಇಪ್ಪತ್ತನಾಲ್ಕರಿಂದ ಗುಣಿಸಿದರೆ ಆರುನೂರ ತೊಂಬತ್ತಾರು.

ಶೂಗಳ ನಡುವೆಯೇ ನೆಲದ ಮೇಲೆ ಕೂತೆ. ಸಂಚು ಇರಲೇ ಇಲ್ಲ. ಅವತ್ತು ಮಳೆ ಬರುತ್ತಿತ್ತು. ಸ್ಪೈಕ್ಸ್ ಒದ್ದೆಯಾಗಬಾರದೆಂದು ಅವಳು ಮಾಮೂಲಿ ಶೂನಲ್ಲೇ ಬಂದು ಇಪ್ಪತ್ತನಾಲ್ಕು ಪಾದ ಎಣಿಸಿ ಪಟ್ಟಿ ಅಂಟಿಸಿದ್ದಾಳೆ. ಆಮೇಲೆ ಸ್ಪೈಕ್ಸ್ ಹಾಕಿಕೊಂಡು ನಿಂತಿದ್ದಾಳೆ. ಪಾದಕ್ಕೆ ಎರಡೂವರೆ ಸೆಂಟಿಮೀಟರ್ ವ್ಯತ್ಯಾಸ, ಇಪ್ಪತ್ತನಾಲ್ಕು ಸಲ. ಓಡುವವರೆಲ್ಲ ಎಂದಾದರೂ ಮಾಡುವ ಮರೆವು.

ಇದು ತಿಳಿದ ಮೇಲೆ ಸಿಟ್ಟು ಇಳಿಯಬೇಕಿತ್ತು ಎಂದು ಓದುವವರಿಗೆ ಅನ್ನಿಸಬಹುದು. ನನಗೆ ಏರಿತು. ಸಂಚು ಮಾಡಿದವಳು ತನ್ನ ಸಂಚನ್ನು ಮುಚ್ಚಲು ಸುಳ್ಳು ಹೇಳುತ್ತಾಳೆ, ಅದು ನನಗೆ ಅರ್ಥವಾಗುತ್ತದೆ. ಒಂದು ಮರೆವಿಗೆ, ಅಯ್ಯೋ ಶೂ ಬದಲಿಸಲಿಲ್ಲ ಎಂದರೆ ಮುಗಿದುಹೋಗುತ್ತಿದ್ದ ಮರೆವಿಗೆ, ಅವಳು ನನ್ನ ಮೂರು ವರ್ಷ ತೆಗೆದುಕೊಂಡಿದ್ದಳು.

ಆಯ್ಕೆಯ ಓಟ ಶನಿವಾರ. ಹಿಂದಿನ ದಿನದ ಮಳೆಗೆ ರಿಂಗ್ ರಸ್ತೆಯಲ್ಲಿ ಮೊಣಕಾಲು ನೀರು. ಮೇಡಂ ಬರುವಾಗ ಒಂದು ಗಂಟೆ ತಡವಾಗಿತ್ತು, ಮತ್ತೆ ಹನಿ ಶುರುವಾಗಿತ್ತು. ನನ್ನ ಜಾಗಕ್ಕೆ ನಡೆದು ಹೋಗುವ ದಾರಿಯಲ್ಲಿ ಅಕ್ಕ ತನ್ನ ಗುರುತು ಹಾಕುತ್ತಿದ್ದಳು. ಕಾಲಿನಲ್ಲಿ ನೇರಳೆ ಶೂ. ಸ್ಪೈಕ್ಸ್ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹುಲ್ಲಿನ ಮೇಲೆ ಇಟ್ಟಿದ್ದಳು. ತಲೆ ತಗ್ಗಿಸಿ ಎಣಿಸುತ್ತಿದ್ದಳು, ಹತ್ತೊಂಬತ್ತು, ಇಪ್ಪತ್ತು.

"ಅಕ್ಕ, ಶೂ" ಎನ್ನುವ ಎರಡು ಮಾತು ಸಾಕಿತ್ತು. ನಾನು ಆಡಲಿಲ್ಲ. ಅವಳ ಪಕ್ಕದಲ್ಲೇ ಹಾದು ಹೋದೆ. ಮೊದಲ ಎರಡು ಭಾಗ ಓಡುವ ಹುಡುಗಿಯರ ಟಿಕೆಟ್ ಕೂಡ ಇದೇ ಓಟದಲ್ಲಿತ್ತು. ಅವರ ಬಗ್ಗೆ ಯೋಚಿಸಲಿಲ್ಲ ಎಂದು ಅವತ್ತೇ ಸಂಜೆ ಬರೆದಿದ್ದೇನೆ. ನನ್ನ ಲೆಕ್ಕ ಸರಳವಾಗಿತ್ತು. ಬ್ಯಾಟನ್ ಕೈ ಸೇರುವುದಿಲ್ಲ, ತಂಡ ಗೆರೆ ದಾಟುತ್ತದೆ. ಈ ಸಲ ನಾನು ಮೇಡಂ ಕಣ್ಣೆದುರೇ ಟೇಪ್ ಬಿಚ್ಚುತ್ತೇನೆ. ನನ್ನ ಟಿಕೆಟ್ ಹೋದರೆ ಹೋಗಲಿ.

ಆದರೆ ಬ್ಯಾಟನ್ ಕೈಗೆ ಬಂದ ಮೇಲೆ ಕಾಲು ಲೆಕ್ಕವನ್ನು ಕೇಳಲಿಲ್ಲ. ವಾರಕ್ಕೆ ನಲವತ್ತು ಸಲ ಓಡಿದ ತಿರುವು ಅದು. ನಿಧಾನ ಮಾಡುವುದು ಹೇಗೆಂದು ನಾನು ಅಭ್ಯಾಸ ಮಾಡಿರಲಿಲ್ಲ. ನಾನು ಪಟ್ಟಿ ಮುಟ್ಟಿದೆ, ಅಕ್ಕ ಬೇಗ ಹೊರಟಳು, ಕೂಗಿದೆ, ಕೈ ಬಂತು. ಗೆರೆಗೆ ಒಂದೂವರೆ ಹೆಜ್ಜೆ ಇರುವಾಗ ಬ್ಯಾಟನ್ ಅವಳ ಅಂಗೈಗೆ ಬಿತ್ತು. ಆ ಅರವತ್ತು ಸೆಂಟಿಮೀಟರನ್ನು ನಾನು ಓಡಿಯೇ ತುಂಬಿಸಿದ್ದೆ. ಒಳ್ಳೆಯ ಸಮಯ ಬಂತು. ಮೇಡಂ ಚಪ್ಪಾಳೆ ತಟ್ಟಿದರು.

ಅಕ್ಕ ಏದುಸಿರು ಬಿಡುತ್ತಾ ವಾಪಸ್ ಬಂದು ಎಲ್ಲರಿಗೂ ಕೇಳುವಂತೆ ಹೇಳಿದಳು: "ಕೊನೇಲಿ ಸ್ವಲ್ಪ ಲೇಟಾಯ್ತು ಮಗಾ. ತಿರುವಲ್ಲಿ ಇನ್ನೂ ಬಲ ಬೇಕು ನಿಂಗೆ."

ಜೇಬಿನಿಂದ ಟೇಪ್ ತೆಗೆದೆ. ಒಂದು ತುದಿಯನ್ನು ಅವಳ ಪಟ್ಟಿಯ ಮೇಲಿಟ್ಟು, ಅದನ್ನು ಹಿಡಿದುಕೊಳ್ಳಲು ಎರಡನೆಯ ಭಾಗ ಓಡಿದ ಹುಡುಗಿಗೆ ಹೇಳಿ, ಇನ್ನೊಂದು ತುದಿಯನ್ನು ಅಕ್ಕ ನಿಂತಿದ್ದ ಜಾಗಕ್ಕೆ ಎಳೆದೆ. ಮೇಡಂ ಅವರನ್ನು ಕರೆದು ಓದಲು ಹೇಳಿದೆ. ಆರು ತೊಂಬತ್ತಾರು. ಆರು ಮೂವತ್ತಾರು ಇರಬೇಕಿತ್ತು ಎಂದೆ. ಆಮೇಲೆ ಹುಲ್ಲಿನ ಮೇಲಿದ್ದ ನೇರಳೆ ಶೂ ತಂದು ಪಟ್ಟಿಯ ಪಕ್ಕ ಇಟ್ಟೆ. ಹೆಚ್ಚು ವಿವರಿಸಬೇಕಾಗಲಿಲ್ಲ, ಮೇಡಂ ತಾವೂ ಓಡಿದವರು. ಅಕ್ಕನ ಮುಖ ನೋಡಿದೆ. ಅದನ್ನು ನೋಡಲೆಂದೇ ಮೂರು ವರ್ಷ ಕಾದಿದ್ದವಳು, ಬೇಗ ಕಣ್ಣು ತೆಗೆಯಲಿಲ್ಲ.

ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. ಇದು ಇವತ್ತಿನ ಮರೆವೋ, ಅವಳ ಅಭ್ಯಾಸವೋ ಎಂದು ಕೇಳಿದರು. ನೀನು ಅವಳ ಜೊತೆ ವರ್ಷಗಟ್ಟಲೆ ಓಡಿದವಳು, ಅಭ್ಯಾಸವಾಗಿದ್ದರೆ ಅವಳನ್ನು ಕರೆದೊಯ್ಯುವುದಿಲ್ಲ, ಸಂಜೆಯೊಳಗೆ ಹೇಳು ಎಂದರು.

ನೀರಿನ ಡ್ರಮ್ಮಿನ ಹತ್ತಿರ ಅಕ್ಕ ನನ್ನನ್ನು ಹಿಡಿದಳು. ಮೇಡಂ ಏನು ಕೇಳಿದರೆಂದು ಅವಳಿಗೆ ಗೊತ್ತಾಗಿತ್ತು. ಅವಳಿಗೆ ಆಗ ಇಪ್ಪತ್ತೊಂದು, ಅದುವರೆಗೆ ಒಮ್ಮೆಯೂ ದೇಶದ ಜೆರ್ಸಿ ಸಿಕ್ಕಿರಲಿಲ್ಲ.

"ರಾಜ್ಯ ಕೂಟದ ದಿನ ಇದೇ ಆಗಿದ್ದು ಅಂತ ಯಾವಾಗ ಗೊತ್ತಾಯ್ತು ನಿಮಗೆ?" ಎಂದು ಕೇಳಿದೆ.

"ಅವತ್ತೇ. ಸ್ಪೈಕ್ಸ್ ಬಿಚ್ವಾಗ್ಲೇ." ಲೋಟದಲ್ಲಿದ್ದ ನೀರನ್ನು ಅವಳು ಕುಡಿಯಲಿಲ್ಲ. "ಸರ್ ಏನಂತಾರೋ ಅಂತ ಭಯ ಆಯ್ತು. ಆಮೇಲೆ ಹೇಳೋಣ ಅಂತಿದ್ದೆ. ಆಮೇಲೆ ನೀನು ಚೆನ್ನಾಗ್ ಓಡಕ್ಕೆ ಶುರು ಮಾಡ್ದೆ, ಇನ್ಯಾಕೆ ಅಂದ್ಕೊಂಡೆ."

"ಸರ್ ಹತ್ರ ಹೇಳ್ಬೇಕು. ಮೆಟ್ಟಿಲ ಮೇಲೆ, ಎಲ್ರೂ ಇರೋವಾಗ. ಹೇಳ್ತೀರಾ ಅಂದ್ರೆ ನಾನ್ ಮೇಡಂಗೆ ಇವತ್ತಿಂದು ಮಾತ್ರ ಅಂತೀನಿ."

"ಇಲ್ಲಾಂದ್ರೆ?"

"ಪುಸ್ತಕ ತೋರಿಸ್ತೀನಿ."

ಅವಳು ನನ್ನನ್ನು ನೋಡಿದ ರೀತಿ ನನಗೆ ಚೆನ್ನಾಗಿ ನೆನಪಿದೆ. ತನ್ನ ಚೀಲ ಹೊತ್ತ ಹುಡುಗಿ ಇವಳೇನಾ ಎನ್ನುವಂತೆ. ಸರಿ ಎಂದಳು. ಸಂಜೆ ಮೇಡಂಗೆ ಇದು ಇವತ್ತಿನ ಮರೆವು ಎಂದು ಹೇಳಿದೆ. ನನ್ನ ಪುಸ್ತಕದಲ್ಲಿರುವುದಕ್ಕೆ ವಿರುದ್ಧವಾಗಿ ನಾನು ಬೇಕೆಂದೇ ಹೇಳಿದ ಸುಳ್ಳು ಅದೊಂದೇ. ಅದಕ್ಕೂ ದಿನಾಂಕ ಹಾಕಿದ್ದೇನೆ.

ಕೂಟದ ಬಗ್ಗೆ ಬರೆಯಲು ಹೆಚ್ಚಿಲ್ಲ. ಮೊದಲ ಸಲ ವಿಮಾನ, ಮೊದಲ ಸಲ ಎದೆಯ ಮೇಲೆ ದೇಶದ ಹೆಸರು. ಅಕ್ಕನ ಗುರುತನ್ನು ಮೇಡಂ ಹೇಳಿದಂತೆ ನಾನೇ ಟೇಪ್ ಹಿಡಿದು ಹಾಕಿದೆ. ಆರು ಮೂವತ್ತಾರು. ಬ್ಯಾಟನ್ ಸಲೀಸಾಗಿ ಕೈ ಬದಲಾಯಿತು. ಐದನೆಯವರಾದೆವು. ಅಮ್ಮ ಫೋನಿನಲ್ಲಿ ಮೂರು ಸಲ ನೋಡಿದಳಂತೆ. ಅಪ್ಪ ಫ್ಯಾಕ್ಟರಿಯಲ್ಲಿ ಪೇಡಾ ಹಂಚಿದರಂತೆ. ನನ್ನ ತಲೆಯಲ್ಲಿ ಹಲಸೂರಿನ ಮೆಟ್ಟಿಲು ಮಾತ್ರ ಇತ್ತು.

ಬಂದ ಮೂರನೆಯ ದಿನ ಅಕ್ಕನೂ ನಾನೂ ಮೈದಾನಕ್ಕೆ ಹೋದೆವು. ಗೇಟಿಗೆ ಫ್ಲೆಕ್ಸ್ ಕಟ್ಟಿದ್ದರು. ನಾವಿಬ್ಬರು ಎರಡು ಬದಿಗೆ, ನಡುವೆ ನಮಗಿಂತ ದೊಡ್ಡದಾಗಿ ಸರ್. ಮೆಟ್ಟಿಲ ಮೇಲೆ ಇಪ್ಪತ್ತು ಮಕ್ಕಳಾದರೂ ಇದ್ದರು. ಸರ್ ಫ್ಲಾಸ್ಕ್ ತೆರೆಯುತ್ತಿದ್ದರು. ಅಕ್ಕ ಮಾತು ಉಳಿಸಿಕೊಂಡಳು. ಎದ್ದು ನಿಂತು ಎಲ್ಲರೆದುರು ಹೇಳಿದಳು:

"ಸರ್, ಆ ಸ್ಟೇಟ್ ಜೂನಿಯರ್ ರಿಲೇಲಿ ಮಾರ್ಕ್ ತಪ್ಪಾಗ್ ಹಾಕಿದ್ದು ನಾನು. ಶೂ ಬದಲಾಯಿಸ್ದೆ ಅಳ್ದಿದ್ದೆ. ಇವ್ಳು ತಿರುವಲ್ಲಿ ಸರಿಯಾಗೇ ಓಡಿದ್ಳು. ಗೊತ್ತಿದ್ದೂ ಸುಳ್ ಹೇಳ್ದೆ."

ಸರ್ ಅವಳನ್ನು ನೋಡಿದರು, ನನ್ನನ್ನು ನೋಡಿದರು.

"ಯಾವ್ ರಿಲೇ ಮಾ?"

ಅಕ್ಕ ವರ್ಷ ಹೇಳಿದಳು, ಮಳೆ ಬಂದಿತ್ತು ಎಂದಳು, ಕೆಂಪು ಬಾವುಟ ಎಂದಳು. ಸರ್ ಹುಬ್ಬು ಗಂಟಿಕ್ಕಿ ಯೋಚಿಸಿದರು. ನಟನೆಯಾಗಿರಲಿಲ್ಲ, ನನಗೆ ಅವರ ಮುಖ ಗೊತ್ತು. ಕೋಲು ಹಿಡಿದು ನಿದ್ದೆ ಹೋದ ಹುಡುಗಿಯ ಕಥೆ ಅವರಿಗೆ ನೆನಪಿತ್ತು. ಅದು ಒಂದು ದಿನ ಒಬ್ಬ ಹುಡುಗಿಗೆ ನಿಜವಾಗಿ ಆದದ್ದು ಎನ್ನುವುದು ಎಂದೋ ಅಳಿಸಿಹೋಗಿತ್ತು.

"ಅದೆಲ್ಲ ಯಾರ್ಗ್ ಜ್ಞಾಪಕ ಇರುತ್ತೆ, ಮರ್ತೋಯ್ತು ಬಿಡಿ. ಇಂಡಿಯಾ ಆಡ್ಬಿಟ್ರಲ್ಲ ಇಬ್ರೂ. ಟೀ ಕುಡೀರಿ."

ಅಕ್ಕ ನನ್ನ ಕಡೆ ತಿರುಗಿ, ಸಣ್ಣ ದನಿಯಲ್ಲಿ, ಆಯ್ತಾ ಎಂದು ಕೇಳಿದಳು. ಆಯ್ತು ಎಂದೆ. ಅವಳ ಲೆಕ್ಕ ಅಲ್ಲಿಗೆ ಮುಗಿಯಿತು. ಕೆಂಪು ಗೀಟುಗಳ ಮೇಲೆ ಒಂದು ಗೆರೆ ಎಳೆದೆ. ಅವಳ ಮೇಲೆ ಪ್ರೀತಿ ಬಂತೆಂದಲ್ಲ. ಹೇಳಬೇಕಾದ್ದನ್ನು ಹೇಳಿದಳು, ಅಷ್ಟೇ. ಉಳಿದ ಇಪ್ಪತ್ತಮೂರು ಗೀಟು ಬೇರೆಯವರದು.

ಎರಡು ವಾರದ ಮೇಲೆ ಮುಂದಿನ ಕೂಟಕ್ಕೆ ಅರ್ಜಿ ತುಂಬಿದೆ. ಅದರಲ್ಲಿ ಓಟಗಾರ್ತಿಯ ಹೆಸರಿನ ಕೆಳಗೆ ತರಬೇತುದಾರರ ಹೆಸರು ಎಂದು ಒಂದು ಸಾಲು ಇರುತ್ತದೆ. ಮುಂದೆ ಯಾರಿಗಾದರೂ ಕೋಚ್ ಎಂದು ಗೌರವ, ಬಡ್ತಿ, ಶಿಬಿರಕ್ಕೆ ಕರೆ ಏನೇ ಬಂದರೂ ಆ ಸಾಲು ನೋಡಿಯೇ ಬರುತ್ತದೆ. ಅಲ್ಲಿ ಒಂದು ಅಡ್ಡಗೆರೆ ಎಳೆದು ಕಳಿಸಿದೆ.

ಸರ್ ಫೋನ್ ಮಾಡಿದರು. "ಫಾರ್ಮಲ್ಲಿ ನನ್ ಹೆಸ್ರು ಬಿಟ್ಟೋಗಿದೆ ಮಾ."

"ಮರ್ತೋಯ್ತು ಸರ್" ಎಂದೆ.

ಅವರ ಹಿಂದೆ ಮೈದಾನದ ಮಕ್ಕಳ ಗಲಾಟೆ ಕೇಳುತ್ತಿತ್ತು. ಆಮೇಲೆ, ಬೆಳಿಗ್ಗೆ ನನ್ನ ಸಮಯ ಎಷ್ಟು ಬಂತೆಂದು ಕೇಳಿದರು. ಹೇಳಿದೆ. ಕೊನೆಯ ಇಪ್ಪತ್ತು ಮೀಟರಿನಲ್ಲಿ ಎಡ ಭುಜ ಬಿಗಿಯುತ್ತಿದೆ, ಹೊರದೇಶದ ಓಟದಲ್ಲೂ ಹಾಗೇ ಇತ್ತು, ನೋಡಿಕೋ ಎಂದು ಫೋನ್ ಇಟ್ಟರು.

ಮರುದಿನ ನೋಡಿಕೊಂಡೆ. ಬಿಗಿಯುತ್ತಿತ್ತು. ಈಗ ಭುಜ ಸರಿಯಾಗಿದೆ, ಹನ್ನೊಂದು ಪಾಯಿಂಟ್ ಎಂಟಕ್ಕೆ ಬಂದಿದ್ದೇನೆ. ಅದಾದ ಮೇಲೆ ನಾಲ್ಕು ಅರ್ಜಿ ತುಂಬಿದ್ದೇನೆ. ಆ ಸಾಲನ್ನು ಖಾಲಿಯೇ ಬಿಡುತ್ತಿದ್ದೇನೆ.